ಕಲ್ಲುದೂಳಿನ ಬೆಲೆ ಯಾರ ಲೆಕ್ಕಕ್ಕೆ?

ಕೆಲಸದ ಸ್ಥಳದ ಅಪಾಯ ಎಂದೊಡನೆ ಬಾಯ್ಲರ್ ಸ್ಫೋಟ, ಕಟ್ಟಡದ ಕುಸಿತ, ಪಟಾಕಿ ಗೋದಾಮಿನ ಬೆಂಕಿ, ಮ್ಯಾನ್‌ಹೋಲಿಗೆ ಇಳಿದವರ ಸಾವು ಇಂಥ ಘಟನೆಗಳೇ ಸಾಮಾನ್ಯವಾಗಿ ನೆನಪಿಗೆ ಬರುತ್ತವೆ. ಪತ್ರಿಕೆಗಳ ಮುಖಪುಟದಲ್ಲಿ ಜಾಗ ಪಡೆಯುವುದೂ ತನಿಖೆಗೆ ಕಾರಣವಾಗುವುದೂ ಅವೇ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 29 ಲಕ್ಷ ಜನ ದುಡಿಮೆಯ ಕಾರಣದಿಂದ ಸಾಯುತ್ತಾರೆ, ಮತ್ತು ಅವರಲ್ಲಿ ಅಪಘಾತಕ್ಕೆ ಸಿಕ್ಕಿ ಸಾಯುವವರು 3.3 ಲಕ್ಷ ಮಾತ್ರ. ಉಳಿದ 26 ಲಕ್ಷ ಜನರನ್ನು ಕೊಲ್ಲುವುದು ಕೆಲಸದಿಂದ ಬಂದ ರೋಗ. ಅಂದರೆ ಒಬ್ಬ ಕಾರ್ಮಿಕ ಯಂತ್ರಕ್ಕೆ ಸಿಕ್ಕೋ ಸಾರುವೆಯಿಂದ ಬಿದ್ದೋ ಪ್ರಾಣ ಬಿಡುವ ಹೊತ್ತಿಗೆ ಏಳೆಂಟು ಮಂದಿ ಮನೆಯ ಮಂಚದ ಮೇಲೆ ಅಥವಾ ಜಿಲ್ಲಾ ಆಸ್ಪತ್ರೆಯ ವಾರ್ಡಿನಲ್ಲಿ, ಬಹುಪಾಲು ಯಾರ ಗಮನಕ್ಕೂ ಬಾರದೆ ಸಾಯುತ್ತಿರುತ್ತಾರೆ.

ಅಸುರಕ್ಷಿತ ದುಡಿಮೆಯ ಪರಿಣಾಮಗಳನ್ನು ಅಳೆಯಹೊರಟವರು ಈ ಎರಡನೆಯ ಗುಂಪಿನಿಂದ ಆರಂಭಿಸುವುದು ನ್ಯಾಯ. ಅಪಘಾತದಲ್ಲಿ ಕಾರಣವೂ ಪರಿಣಾಮವೂ ಒಂದೇ ಗಳಿಗೆಯಲ್ಲಿ ಎದುರುಬದುರಾಗುವುದರಿಂದ ಹೊಣೆ ಯಾರದೆಂಬ ಪ್ರಶ್ನೆಯನ್ನು ಯಾರೂ ಪೂರ್ತಿಯಾಗಿ ತಪ್ಪಿಸಿಕೊಳ್ಳಲಾರರು. ರೋಗದಲ್ಲಾದರೆ ಇವೆರಡರ ನಡುವೆ ಹತ್ತಿಪ್ಪತ್ತು ವರ್ಷಗಳ ಅಂತರವಿರುತ್ತದೆ, ಆ ಅವಧಿಯಲ್ಲಿ ಕಾರ್ಮಿಕ ಊರು ಬದಲಿಸಿರುತ್ತಾನೆ, ಗುತ್ತಿಗೆದಾರ ಬದಲಾಗಿರುತ್ತಾನೆ, ಕೆಲವೊಮ್ಮೆ ಕಂಪನಿಯೇ ಉಳಿದಿರುವುದಿಲ್ಲ. ಲಾಭ ಇಂದು, ನಷ್ಟ ಮುಂದೆಂದೋ. ಲಾಭ ಒಬ್ಬರಿಗೆ, ನಷ್ಟ ಮತ್ತೊಬ್ಬರಿಗೆ ಎಂಬ ಈ ಏರ್ಪಾಡೇ ಅಪಾಯಕ್ಕೆ ದೀರ್ಘಾಯುಷ್ಯ ಕೊಟ್ಟಿದೆ. ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ವಸ್ತುವೆಂದರೆ ಕಲ್ಲಿನ ದೂಳು.

ಭೂಮಿಯ ಬಹುತೇಕ ಕಲ್ಲುಗಳಲ್ಲಿ, ಮರಳಿನಲ್ಲಿ, ಗ್ರಾನೈಟಿನಲ್ಲಿ ಸಿಲಿಕಾ ಎಂಬ ಖನಿಜವಿದೆ. ಕನ್ನಡಿಗರು ಬೆಣಚುಕಲ್ಲು ಎಂದು ಕರೆಯುವುದು ಹೆಚ್ಚುಕಡಿಮೆ ಶುದ್ಧ ಸಿಲಿಕಾವನ್ನೇ. ಕಲ್ಲಾಗಿರುವಷ್ಟು ಕಾಲ ಅದರಿಂದ ಯಾವ ಕೇಡೂ ಇಲ್ಲ. ಅದನ್ನು ಕೊರೆದಾಗ, ಒಡೆದಾಗ, ಕತ್ತರಿಸಿದಾಗ ಏಳುವ ದೂಳಿನಲ್ಲಿ ದಪ್ಪ ಕಣಗಳನ್ನು ಮೂಗು, ಗಂಟಲುಗಳೇ ತಡೆದು ಹೊರಹಾಕುತ್ತವೆ; ಐದು ಮೈಕ್ರಾನಿಗಿಂತ, ಅಂದರೆ ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗಕ್ಕಿಂತ ಸಣ್ಣ ಕಣಗಳು ಮಾತ್ರ ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಕಣ್ಣಿಗೆ ಕಾಣುವ ದೂಳಿಗಿಂತ ಕಾಣದ ದೂಳೇ ಹೆಚ್ಚು ಅಪಾಯಕಾರಿ ಎಂಬ ಈ ಸಂಗತಿ ಕೆಲಸಗಾರರಿಗೂ ಮೇಸ್ತ್ರಿಗಳಿಗೂ ತಿಳಿದಿರುವುದು ಅಪರೂಪ. ಗಾಳಿಚೀಲದಲ್ಲಿ ಕಾವಲಿರುವ ಬಿಳಿರಕ್ತಕಣಗಳು ಒಳಬಂದ ಕಣವನ್ನು ನುಂಗುತ್ತವೆ, ಜೀರ್ಣಿಸಿಕೊಳ್ಳಲಾರದೆ ತಾವೇ ಸಾಯುತ್ತವೆ, ಸಾಯುವಾಗ ಬಿಡುಗಡೆಯಾದ ಕಣವನ್ನು ಮತ್ತೊಂದು ಕಾವಲುಕಣ ನುಂಗುತ್ತದೆ. ಹೀಗೆ ಮುಗಿಯದ ಉರಿಯೂತದಿಂದ ಸುತ್ತಲಿನ ಮೃದುವಾದ ಅಂಗಾಂಶ ಗಾಯ ಮಾಗಿದ ಚರ್ಮದಂತೆ ಗಡುಸಾಗುತ್ತ ಹೋಗುತ್ತದೆ. ಇದೇ ಸಿಲಿಕೋಸಿಸ್.

ಈ ರೋಗ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದೂಳಿನಲ್ಲಿ ಕೆಲಸ ಮಾಡಿದವರಲ್ಲಿ ಕಾಣಿಸಿಕೊಳ್ಳುತ್ತದೆಯಾದರೂ ದೂಳು ವಿಪರೀತವಾಗಿದ್ದಲ್ಲಿ ಕೆಲವೇ ತಿಂಗಳುಗಳಲ್ಲಿ ಬರುವುದೂ ಉಂಟು. ಮೊದಲು ಏರು ಹತ್ತುವಾಗ ದಮ್ಮು ಕಟ್ಟುತ್ತದೆ, ಆಮೇಲೆ ಸಮತಟ್ಟಿನಲ್ಲಿ ನಡೆಯುವಾಗ, ಕಡೆಗೆ ಕೂತಲ್ಲೇ. ಇದನ್ನು ಗುಣಪಡಿಸುವ ಔಷಧಿಯಿಲ್ಲ. ದೂಳಿನ ಕೆಲಸ ಬಿಟ್ಟರೂ ಒಳಗೆ ಕೂತ ಕಣಗಳು ತಮ್ಮ ಕೆಲಸ ಬಿಡುವುದಿಲ್ಲ. ಸಿಲಿಕೋಸಿಸ್ ಇರುವವರಿಗೆ ಕ್ಷಯರೋಗ ಅಂಟುವ ಸಾಧ್ಯತೆ ಇತರರಿಗಿಂತ ಹಲವು ಪಟ್ಟು ಹೆಚ್ಚು, ಮತ್ತು 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸಿಲಿಕಾ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು.

ಭಾರತದಲ್ಲಿ ಈ ರೋಗದ ಲಿಖಿತ ಚರಿತ್ರೆ ಆರಂಭವಾಗುವುದು ಕನ್ನಡನಾಡಿನಲ್ಲೇ. ಕೋಲಾರದ ಚಿನ್ನ ಇರುವುದು ಬೆಣಚುಕಲ್ಲಿನ ನಾಳಗಳಲ್ಲಿ. ಆ ಕಲ್ಲನ್ನು ನೆಲದಾಳದಲ್ಲಿ ಕೊರೆದು, ಮದ್ದು ತುಂಬಿ ಸಿಡಿಸಿ, ಮೇಲೆ ತಂದು ಹಿಟ್ಟಿನಂತೆ ಅರೆಯದೆ ಚಿನ್ನ ಕೈಗೆ ಬರುವಂತಿರಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆಯ ಆಡಳಿತ ವಹಿಸಿಕೊಂಡ ಮೇಲೆ, ಮುಖ್ಯವಾಗಿ ತಮಿಳು ಮತ್ತು ತೆಲುಗು ಸೀಮೆಗಳ ಬಡ ದಲಿತ ಕುಟುಂಬಗಳಿಂದ ಬಂದ ಸಾವಿರಾರು ಮಂದಿ ಗಣಿಯ ಲೈನ್ ಮನೆಗಳಲ್ಲಿ ನೆಲೆಸಿ ತಲೆಮಾರುಗಳ ಕಾಲ ಈ ಕೆಲಸ ಮಾಡಿದರು. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಈ ಗಣಿಗಳಿಗೆ. ಚಾಂಪಿಯನ್ ರೀಫ್ ಗಣಿ ಕಡೆಗೆ ಸುಮಾರು 3,200 ಮೀಟರ್ ಆಳ ಮುಟ್ಟಿತು. ಅಷ್ಟು ಕೆಳಗೆ ಬಂಡೆಯ ಶಾಖವೇ 60 ಡಿಗ್ರಿ ಸೆಲ್ಸಿಯಸ್ ಮೀರಿದ್ದರಿಂದ ತಂಪು ಮಾಡಿದ ಗಾಳಿಯನ್ನು ಒಳಗೆ ನೂಕಬೇಕಾಗುತ್ತಿತ್ತು, ಮತ್ತು ಮೇಲಿನ ಭಾರಕ್ಕೆ ಬಂಡೆ ತಾನಾಗಿ ಸಿಡಿಯುವ ಘಟನೆ, ಗಣಿಯವರ ಬಾಯಲ್ಲಿ ‘ಏರ್‌ಬ್ಲಾಸ್ಟ್’, ಯಾವ ಪಾಳಿಯಲ್ಲಿ ಎರಗುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಏರ್‌ಬ್ಲಾಸ್ಟಿಗೆ ಬಲಿಯಾದವರ ಲೆಕ್ಕ ಮರುದಿನವೇ ಸಿಗುತ್ತಿತ್ತು. ದೂಳು ತಿಂದವರದು ಸಿಗುತ್ತಿರಲಿಲ್ಲ.

ಆ ಲೆಕ್ಕ ಸಿಕ್ಕಿದ್ದು 1940ರಲ್ಲಿ ಮೈಸೂರು ಸಂಸ್ಥಾನವು ಸಿಲಿಕೋಸಿಸ್ ನಿಯಮಗಳನ್ನು ತಂದು, ಈ ರೋಗವನ್ನು ಪತ್ತೆಯಾದೊಡನೆ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಯೆಂದು ಸಾರಿದ ಮೇಲೆ. ಅಂಥ ಕಾನೂನು ಭಾರತದಲ್ಲಿ ಅದೇ ಮೊದಲು. ಏಳು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ತಪಾಸಣೆ ಮಾಡಿದ ವೈದ್ಯರು 1947ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರಕ್ಕೆ ಸುಮಾರು 44 ಮಂದಿಗೆ ಸಿಲಿಕೋಸಿಸ್ ತಗುಲಿತ್ತು. ಗಣಿಗಾರಿಕೆ ಆರಂಭವಾಗಿ ಆಗಲೇ ಅರವತ್ತಕ್ಕೂ ಹೆಚ್ಚು ವರ್ಷ ಸಂದಿದ್ದವು. ಅದಕ್ಕೆ ಮೊದಲು ಕೆಮ್ಮುತ್ತ ಊರಿಗೆ ಮರಳಿ ಸತ್ತವರ ಸಂಖ್ಯೆ ಯಾವ ಕಡತದಲ್ಲೂ ಇರಲು ಸಾಧ್ಯವಿಲ್ಲ, ಏಕೆಂದರೆ ಇಲ್ಲಿನ ಕಾನೂನಿನಲ್ಲಿ ಆ ರೋಗಕ್ಕೆ ಹೆಸರೇ ಇರಲಿಲ್ಲ. ಹೆಸರಿಲ್ಲದ ರೋಗಕ್ಕೆ ಕಂಪನಿ ಕಾಸು ಬಿಚ್ಚಬೇಕಾಗಿಯೂ ಇರಲಿಲ್ಲ. ಎಕ್ಸ್‌ರೇ ಮತ್ತು ಕಾನೂನು ಎರಡೂ ಕೂಡಿದಾಗ ಮಾತ್ರ ಕಾರ್ಮಿಕನ ಉಸಿರಾಟದ ತೊಂದರೆ ಕಂಪನಿಯ ಖರ್ಚಿನ ಬಾಬ್ತು ಆಗುತ್ತದೆಂಬುದು ಕೋಲಾರ ಕಲಿಸಿದ ಮುಖ್ಯ ಸಂಗತಿ.

ಉಪಾಯ ತಿಳಿಯದೆ ಇದೆಲ್ಲ ನಡೆಯಿತೆಂದು ಹೇಳುವಂತಿಲ್ಲ. ಟೊಳ್ಳು ಸರಳಿನ ಮೂಲಕ ನೀರು ಹಾಯಿಸುತ್ತ ಕಲ್ಲು ಕೊರೆಯುವ ಯಂತ್ರ ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೇ ಬಳಕೆಗೆ ಬಂದಿತ್ತು. ನೀರಿಲ್ಲದೆ ಕೊರೆದಾಗ ರಂಧ್ರದಿಂದ ಬಿಳಿ ಹೊಗೆಯಂತೆ ದೂಳು ಚಿಮ್ಮಿ ಕೊರೆಯುವವನ ಮುಖಕ್ಕೇ ಬಡಿಯುತ್ತದೆ. ನೀರು ಹರಿಸುತ್ತ ಕೊರೆದರೆ ಅದೇ ದೂಳು ಬೂದುಬಣ್ಣದ ಕೆಸರಾಗಿ ರಂಧ್ರದ ಬಾಯಿಂದ ಸೋರಿ ಕಾಲ ಬಳಿ ಬೀಳುತ್ತದೆ. ವ್ಯತ್ಯಾಸವಿರುವುದು ಇಷ್ಟೇ: ನೀರಿನ ಪೈಪು ಎಳೆಯಬೇಕು, ಕೆಸರನ್ನು ಹೊರಹಾಕಬೇಕು, ಕೆಲಸ ತುಸು ನಿಧಾನವಾಗುತ್ತದೆ.

ಆ ತುಸು ನಿಧಾನವನ್ನು ತಾಳಲಾರದ ಕಡೆ ಏನಾಗುತ್ತದೆಂಬುದಕ್ಕೆ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಹಾಕ್ಸ್ ನೆಸ್ಟ್ ಸುರಂಗ ಸಾಕ್ಷಿ. ನದಿಯ ನೀರನ್ನು ಬೆಟ್ಟದೊಳಗಿಂದ ಹರಿಸಿ ವಿದ್ಯುತ್ ಉತ್ಪಾದಿಸಲು 1930ರಲ್ಲಿ ಕೊರೆಯತೊಡಗಿದ ಸುಮಾರು ಐದು ಕಿಲೋಮೀಟರ್ ಉದ್ದದ ಈ ಸುರಂಗದ ದಾರಿಯಲ್ಲಿ ಸಿಕ್ಕ ಕಲ್ಲು ಬಹುಭಾಗ ಸಿಲಿಕಾ ಆಗಿತ್ತು. ಆರ್ಥಿಕ ಕುಸಿತದ ಕಾಲ. ದಕ್ಷಿಣದ ರಾಜ್ಯಗಳಿಂದ ಕೆಲಸ ಹುಡುಕಿಕೊಂಡು ಬಂದ ಸಾವಿರಾರು ಮಂದಿ, ಅವರಲ್ಲಿ ಹೆಚ್ಚಿನವರು ಆಫ್ರಿಕನ್ ಮೂಲದವರು, ಮುಖಕವಚವಿಲ್ಲದೆ, ಸಾಕಷ್ಟು ಗಾಳಿಯಿಲ್ಲದೆ, ಒಣ ಕೊರೆತದ ದೂಳಿನಲ್ಲಿ ದುಡಿದರು. ತಪಾಸಣೆಗೆ ಬರುತ್ತಿದ್ದ ಎಂಜಿನಿಯರುಗಳು ಮಾತ್ರ ಮುಖಕವಚ ಧರಿಸುತ್ತಿದ್ದರೆಂದು ಆಮೇಲೆ ಸಾಕ್ಷಿಗಳು ಹೇಳಿದರು. ವರ್ಷ ಕಳೆಯುವಷ್ಟರಲ್ಲಿ ಕಾರ್ಮಿಕರು ಸಾಯತೊಡಗಿದರು. ವೈದ್ಯ ಮಾರ್ಟಿನ್ ಚೆರ್ನಿಯಾಕ್ 1986ರಲ್ಲಿ ದಾಖಲೆಗಳನ್ನು ಮರುಪರಿಶೀಲಿಸಿ ಮಾಡಿದ ಅಂದಾಜಿನಲ್ಲಿ ಮೃತರ ಸಂಖ್ಯೆ 764. ಸುರಂಗ ಕೊರೆಸಿದ್ದು ಯೂನಿಯನ್ ಕಾರ್ಬೈಡ್ ಕಂಪನಿಯ ಅಧೀನ ಸಂಸ್ಥೆ. ಅರ್ಧ ಶತಮಾನ ಕಳೆದು, 1984ರ ಡಿಸೆಂಬರಿನಲ್ಲಿ ಭೋಪಾಲದ ಅನಿಲ ದುರಂತದ ಕಾರಣಕ್ಕೆ ಇಡೀ ಜಗತ್ತಿಗೆ ಪರಿಚಯವಾದ ಹೆಸರೂ ಇದೇ. ಹಾಕ್ಸ್ ನೆಸ್ಟಿನ ದಾವೆಗಳು ಅಲ್ಪ ಮೊತ್ತದ ರಾಜಿಯಲ್ಲಿ ಮುಗಿದಿದ್ದವು. ಅಗ್ಗಕ್ಕೆ ತೀರಿದ ಸಾಲದಿಂದ ಯಾರೂ ಪಾಠ ಕಲಿಯುವುದಿಲ್ಲ.

ಹಾಗಾದರೆ ಕಂಪನಿಗೆ ನಷ್ಟವೇ ಆಗುವುದಿಲ್ಲವೆ? ಆಗುತ್ತದೆ, ಆದರೆ ಅದರ ಬಹುಭಾಗ ಲೆಕ್ಕಪುಸ್ತಕದಲ್ಲಿ ಬೇರೆ ಬೇರೆ ಹೆಸರುಗಳಡಿ ಅಡಗಿ ಕೂತಿರುತ್ತದೆ. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹರ್ಬರ್ಟ್ ಹೈನ್‌ರಿಕ್ 1931ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ನೇರ ವೆಚ್ಚ, ಪರೋಕ್ಷ ವೆಚ್ಚ ಎಂದು ವಿಂಗಡಿಸಿದ. ಆಸ್ಪತ್ರೆಯ ಬಿಲ್ಲು, ಪರಿಹಾರಧನ ನೇರ ವೆಚ್ಚ; ಕೆಲಸ ನಿಂತ ಹೊತ್ತು, ಕೆಟ್ಟ ಯಂತ್ರ, ಬದಲಿ ಆಳಿಗೆ ಕಲಿಸುವ ಕಾಲ, ತಪ್ಪಿದ ಗಡುವು, ಉಳಿದ ಕೆಲಸಗಾರರ ಭಯ ಮತ್ತು ಬೇಸರ ಇವೆಲ್ಲ ಪರೋಕ್ಷ. ಎರಡನೆಯದು ಮೊದಲನೆಯದರ ನಾಲ್ಕು ಪಟ್ಟು ಎಂಬ ಅವನ ಸೂತ್ರವನ್ನು ಸುರಕ್ಷತಾ ತರಬೇತಿಗಳಲ್ಲಿ ಇಂದಿಗೂ ಮಂತ್ರದಂತೆ ಪಠಿಸುತ್ತಾರೆ. ಉದ್ಯಮದಿಂದ ಉದ್ಯಮಕ್ಕೆ ಬದಲಾಗುವ ಸಂಗತಿಗೆ ಅಂಥ ಒಂದೇ ಗುಣಕವನ್ನು ಅಂಟಿಸುವುದು ಸರಿಯಲ್ಲ, ಆದರೆ ವಿಂಗಡಣೆ ಮಾತ್ರ ಗಟ್ಟಿಯಾದದ್ದು. ಬಂಡೆಯ ಪದರ ನೋಡಿಯೇ ಎಲ್ಲಿ ಕೊರೆಯಬೇಕೆಂದು ಹೇಳಬಲ್ಲ ಕೆಲಸಗಾರ ನಲವತ್ತನೇ ವಯಸ್ಸಿಗೆ ದಮ್ಮು ಕಟ್ಟಿ ಮನೆಗೆ ಹೋದಾಗ ಅವನೊಂದಿಗೆ ಹೋಗುವ ಇಪ್ಪತ್ತು ವರ್ಷದ ಅನುಭವವನ್ನು ಯಾವ ಲೆಕ್ಕಪರಿಶೋಧಕನೂ ನಷ್ಟವೆಂದು ಬರೆಯುವುದಿಲ್ಲ. ಉತ್ಪಾದನೆ ಕುಗ್ಗಿದೆ, ಹೊಸಬರು ನಿಲ್ಲುತ್ತಿಲ್ಲ ಎಂಬ ದೂರುಗಳಾಗಿ ಅದು ತಲೆಯೆತ್ತುತ್ತದೆ.

ಮುಂದೂಡಿದ ನಷ್ಟ ಒಟ್ಟಿಗೆ ಬಂದೆರಗಿದಾಗ ಬಲಿಷ್ಠ ಕಂಪನಿಯೂ ತತ್ತರಿಸುತ್ತದೆಂಬುದನ್ನು ಜಾನ್ಸ್-ಮ್ಯಾನ್‌ವಿಲ್ ಪ್ರಕರಣ ತೋರಿಸಿಕೊಟ್ಟಿತು. ಕಲ್ನಾರು ವಸ್ತುಗಳ ತಯಾರಿಕೆಯಲ್ಲಿ ಅಮೆರಿಕಕ್ಕೇ ದೊಡ್ಡದಾಗಿದ್ದ ಈ ಕಂಪನಿಗೆ ಕಲ್ನಾರಿನ ಎಳೆಗಳು ಶ್ವಾಸಕೋಶ ಕೆಡಿಸುತ್ತವೆಂಬುದು 1930ರ ದಶಕದಿಂದಲೇ ಗೊತ್ತಿತ್ತೆಂದು ಹಳೆಯ ಪತ್ರಗಳು ನ್ಯಾಯಾಲಯಗಳಲ್ಲಿ ಹೊರಬಿದ್ದ ಬಳಿಕ ದಾವೆಗಳ ಪ್ರವಾಹವೇ ಹರಿಯಿತು. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿದ್ದಾಗ, ಸುಮಾರು ಹದಿನಾರು ಸಾವಿರ ದಾವೆಗಳನ್ನು ಹೊತ್ತುಕೊಂಡು, ಕಂಪನಿ 1982ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಪರಿಹಾರ ಹಂಚಲು ರಚನೆಯಾದ ನಿಧಿಯಲ್ಲಿ ಹಣ ಸಾಲದೆ ಪ್ರತಿ ಹಕ್ಕುದಾರನಿಗೂ ಸಲ್ಲಬೇಕಾದುದರಲ್ಲಿ ಸಣ್ಣ ಪಾಲು ಮಾತ್ರ ಕೊಡಬೇಕಾಗಿ ಬಂತು. ಕಂಪನಿಯೂ ಕೆಟ್ಟಿತು, ಕಾರ್ಮಿಕರಿಗೂ ಸಿಗಬೇಕಾದದ್ದು ಸಿಗಲಿಲ್ಲ.

ಇತ್ತೀಚಿನ ಉದಾಹರಣೆಯಲ್ಲಿ ಒಂದು ಸರಕೇ ಒಂದು ದೇಶದ ಮಾರುಕಟ್ಟೆಯಿಂದ ಹೊರಬಿದ್ದಿತು. ಬೆಣಚುಕಲ್ಲಿನ ಪುಡಿಯನ್ನು ಅಂಟಿನೊಂದಿಗೆ ಬೆರೆಸಿ ಅಚ್ಚು ಹಾಕಿದ ಕೃತಕ ಕಲ್ಲು, ‘ಕ್ವಾರ್ಟ್ಜ್’ ಎಂಬ ಹೆಸರಿನಲ್ಲಿ ಬೆಂಗಳೂರಿನ ಹೊಸ ಮನೆಗಳ ಅಡುಗೆಕಟ್ಟೆಗೂ ಬಂದಿದೆ. ಅದರಲ್ಲಿ ಸಿಲಿಕಾ ಪ್ರಮಾಣ ನೂರಕ್ಕೆ ತೊಂಬತ್ತನ್ನೂ ಮೀರಬಹುದಾದ್ದರಿಂದ ಆಸ್ಟ್ರೇಲಿಯಾದಲ್ಲಿ ಅದನ್ನು ಕತ್ತರಿಸಿ ನಯಗೊಳಿಸುವ ಯುವಕರಲ್ಲೇ ಸಿಲಿಕೋಸಿಸ್ ಹೆಚ್ಚುಹೆಚ್ಚಾಗಿ ಪತ್ತೆಯಾಗತೊಡಗಿತು. ತಯಾರಕರು ನೀರು ಹಾಕಿ ಕತ್ತರಿಸಿದರೆ ತೊಂದರೆಯಿಲ್ಲವೆಂದರು, ಸಣ್ಣಪುಟ್ಟ ಕಾರ್ಖಾನೆಗಳು ನೀರಿಲ್ಲದೆಯೇ ಕತ್ತರಿಸುತ್ತ ಹೋದವು. ಕಡೆಗೆ 2024ರ ಜುಲೈ 1ರಿಂದ ಆ ದೇಶ ಕೃತಕ ಕಲ್ಲಿನ ತಯಾರಿಕೆ, ಸರಬರಾಜು, ಬಳಕೆಯನ್ನೇ ನಿಷೇಧಿಸಿತು, ಅದೂ ಜಗತ್ತಿನಲ್ಲೇ ಮೊದಲ ಬಾರಿಗೆ.

ಇದಕ್ಕೆ ಪ್ರತಿಯಾಗಿ ಸುರಕ್ಷತೆಗೆ ಆದ್ಯತೆ ಕೊಟ್ಟು ಬೆಳೆದ ಕಂಪನಿಗಳೂ ಇವೆ. ಅಲ್ಯೂಮಿನಿಯಂ ತಯಾರಕ ಅಲ್ಕೋವಾದ ಮುಖ್ಯಸ್ಥನಾಗಿ 1987ರಲ್ಲಿ ಬಂದ ಪಾಲ್ ಓ’ನೀಲ್ ಹೂಡಿಕೆದಾರರ ಮುಂದೆ ಲಾಭದ ಮಾತಿಗಿಂತ ಮೊದಲು ಕಾರ್ಮಿಕರ ಸುರಕ್ಷತೆಯ ಮಾತೆತ್ತಿದ್ದು ಪ್ರಸಿದ್ಧ. ಅವನ ಅವಧಿಯಲ್ಲಿ ಗಾಯಗಳೂ ಇಳಿದವು, ಲಾಭವೂ ಏರಿತು. ಸುರಕ್ಷತೆಯೊಂದರಿಂದಲೇ ಲಾಭ ಬಂತೆಂದು ಹೇಳುವುದು ಆಡಳಿತ ತರಬೇತಿಯವರ ಉತ್ಪ್ರೇಕ್ಷೆ. ಗಾಯ ಏಕೆ ಆಯಿತೆಂದು ಹುಡುಕಹೊರಟರೆ ಯಂತ್ರದ, ಉತ್ಪಾದನಾ ಕ್ರಮದ ದೋಷಗಳೂ ಬಯಲಾಗುತ್ತವೆ ಎಂಬಷ್ಟನ್ನು ಮಾತ್ರ ಒಪ್ಪಬಹುದು.

ಭಾರತದಲ್ಲಿ ಕಾನೂನಿಗೆ ಕೊರತೆಯಿಲ್ಲ. 1923ರ ಪರಿಹಾರ ಕಾಯ್ದೆಯಿಂದ ಮೊದಲುಗೊಂಡು 1948ರ ಕಾರ್ಖಾನೆ ಕಾಯ್ದೆ, ಅದೇ ವರ್ಷದ ನೌಕರರ ರಾಜ್ಯ ವಿಮಾ ಕಾಯ್ದೆ, ಭೋಪಾಲದ ಬಳಿಕ 1987ರಲ್ಲಿ ಬಂದ ತಿದ್ದುಪಡಿ, 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆಯವರೆಗೆ ಒಂದರ ಹಿಂದೊಂದು ಬಂದಿವೆ. ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ, ಅಪಾಯಕಾರಿ ಉದ್ಯಮ ನಡೆಸುವವರು ತಮ್ಮ ತಪ್ಪಿರಲಿ ಇಲ್ಲದಿರಲಿ ಹಾನಿಗೆ ಪೂರ್ಣ ಹೊಣೆಗಾರರು, ಮತ್ತು ಸಂಸ್ಥೆ ಎಷ್ಟು ದೊಡ್ಡದೋ ಪರಿಹಾರವೂ ಅಷ್ಟು ದೊಡ್ಡದಿರಬೇಕು ಎಂಬ ತತ್ತ್ವವನ್ನೂ ಸ್ಥಾಪಿಸಿದೆ. ಕೊರತೆಯಿರುವುದು ಈ ಕಾನೂನು ಕಾರ್ಮಿಕನವರೆಗೆ ಇಳಿಯುವ ದಾರಿಯಲ್ಲಿ. ಪರಿಹಾರ ಕೇಳುವವನು ತಾನು ಅಲ್ಲಿ ದುಡಿದದ್ದಕ್ಕೆ ದಾಖಲೆ ತೋರಿಸಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ, ವಾರದ ಬಟವಾಡೆಯನ್ನು ಮೇಸ್ತ್ರಿಯ ಕೈಯಿಂದ ಪಡೆದ, ಆರು ತಿಂಗಳಿಗೊಮ್ಮೆ ಕ್ವಾರಿ ಬದಲಿಸಿದ ವಲಸೆಗಾರನಲ್ಲಿ ಯಾವ ದಾಖಲೆಯಿರುತ್ತದೆ? ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಮತ್ತು ಕ್ಷಯ ಒಂದನ್ನೊಂದು ಹೋಲುವುದರಿಂದ ಸಣ್ಣ ಊರಿನ ಆಸ್ಪತ್ರೆಯಲ್ಲಿ ಅವನಿಗೆ ಟಿ.ಬಿ. ಮಾತ್ರೆ ಸಿಗುತ್ತದೆ, ಸತ್ತಾಗ ಕಾರಣದ ಕಾಲಮ್ಮಿನಲ್ಲೂ ಟಿ.ಬಿ. ಎಂದೇ ದಾಖಲಾಗುತ್ತದೆ, ಟಿ.ಬಿ.ಗೆ ಮಾಲೀಕ ಹೊಣೆಯಲ್ಲ.

ಗುಜರಾತಿನ ಬೆಣಚುಕಲ್ಲು ಅರೆಯುವ ಗಿರಣಿಗಳಲ್ಲಿ ದುಡಿದು ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ ಕಡೆಯ ತಮ್ಮ ಹಳ್ಳಿಗಳಿಗೆ ಮರಳಿ ಸತ್ತ ಆದಿವಾಸಿ ಕಾರ್ಮಿಕರ ವಿಷಯದಲ್ಲಿ ನಡೆದದ್ದು ಇದರ ಸ್ಪಷ್ಟ ನಿದರ್ಶನ. ಸುಪ್ರೀಂ ಕೋರ್ಟಿನಲ್ಲಿ ಹತ್ತು ವರ್ಷ ನಡೆದ ಹೋರಾಟದ ಬಳಿಕ 2016ರಲ್ಲಿ, ಮೃತರಾದ 238 ಮಂದಿಯ ವಾರಸುದಾರರಿಗೆ ತಲಾ ಮೂರು ಲಕ್ಷ ರೂಪಾಯಿ ಕೊಡುವಂತೆ ಆದೇಶವಾದದ್ದು ಗುಜರಾತ್ ಸರ್ಕಾರಕ್ಕೆ. ಗಿರಣಿ ಗಳಿಸಿದ್ದು ಖಾಸಗಿಯವರಿಗೆ, ತೆತ್ತದ್ದು ತೆರಿಗೆದಾರರು. ರಾಜಸ್ಥಾನ 2019ರಲ್ಲಿ ರೋಗಿಗಳನ್ನು ರಾಜ್ಯವೇ ಗುರುತಿಸಿ ನೆರವು ಕೊಡುವ ನೀತಿಯನ್ನು ತಂದಿತು. ಮಾಲೀಕನನ್ನು ಹುಡುಕುವ ಹೊರೆಯನ್ನು ರೋಗಿಯ ತಲೆಯಿಂದ ಇಳಿಸಿದ್ದು ಅದರ ದೊಡ್ಡ ಗುಣ, ಮಾಲೀಕನ ತಲೆಯಿಂದಲೂ ಇಳಿಸಿದ್ದು ಅದರ ದೋಷ.

ಕರ್ನಾಟಕದಲ್ಲಿ ಇಂದು ಈ ದೂಳು ಏಳುವುದು ಜಲ್ಲಿ ಕ್ರಷರುಗಳಲ್ಲಿ, ಇಳಕಲ್ ಮತ್ತು ಚಾಮರಾಜನಗರದ ಗ್ರಾನೈಟ್ ಕ್ವಾರಿಗಳಲ್ಲಿ, ಶಿವಾರಪಟ್ಟಣದಂಥ ಶಿಲ್ಪಿಗಳ ಊರಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಮನೆ ಕಟ್ಟುವ ಜಾಗಗಳಲ್ಲಿ. ರಾಜ್ಯದ 2011ರ ಜಲ್ಲಿ ಕ್ರಷರ್ ನಿಯಂತ್ರಣ ಕಾಯ್ದೆ ಊರು, ಶಾಲೆ, ಹೆದ್ದಾರಿಗಳಿಂದ ಕ್ರಷರ್ ಎಷ್ಟು ದೂರವಿರಬೇಕೆಂದು ಹೇಳುತ್ತದೆ. ಅದರಿಂದ ಊರಿಗೆ ಅನುಕೂಲ, ಕಲ್ಲು ಸುರಿಯುವ ಬಾಯಿಯ ಬಳಿ ನಿಂತವನಿಗೆ ಆ ದೂರ ಅನ್ವಯಿಸುವುದಿಲ್ಲ. ಕ್ರಷರಿನಲ್ಲಿ ದೂಳು ಹೆಚ್ಚಾಗಿ ಏಳುವುದು ಕಲ್ಲು ಒಳಹೋಗುವ ಬಾಯಲ್ಲಿ, ಜರಡಿಯಲ್ಲಿ ಮತ್ತು ಬೆಲ್ಟಿನ ತುದಿಯಿಂದ ಜಲ್ಲಿ ಕೆಳಗೆ ಬೀಳುವಲ್ಲಿ. ಈ ಮೂರು ಕಡೆ ಮುಚ್ಚಿಗೆ ಹಾಕಿ ಸಣ್ಣ ಹನಿಯಾಗಿ ನೀರು ಸಿಂಪಡಿಸಿದರೆ ಹೆಚ್ಚಿನ ಕೆಲಸ ಆದಂತೆಯೇ. ನೀರಿನ ಪೈಪು ಬಹಳ ಕಡೆ ಇರುತ್ತದೆ, ಅಧಿಕಾರಿ ಬಂದ ದಿನ ಅದರಲ್ಲಿ ನೀರೂ ಇರುತ್ತದೆ. ಭಾರತದ 1948ರ ಕಾರ್ಖಾನೆ ಕಾಯ್ದೆಯ ಸೂತ್ರದಂತೆ ಶುದ್ಧ ಬೆಣಚುಕಲ್ಲಿನ ಸೂಕ್ಷ್ಮ ದೂಳು ಒಂದು ಘನಮೀಟರ್ ಗಾಳಿಯಲ್ಲಿ ಹತ್ತಿರಹತ್ತಿರ 100 ಮೈಕ್ರೋಗ್ರಾಂವರೆಗೆ ಇರಬಹುದಿತ್ತು. ಅಮೆರಿಕ 2016ರಲ್ಲಿ ನಿಗದಿಪಡಿಸಿದ ಮಿತಿ 50. ಮಿತಿಯನ್ನು ಅರ್ಧಕ್ಕಿಳಿಸುವುದು ಒಳ್ಳೆಯದೇ, ಆದರೆ ಗಾಳಿಯನ್ನು ಅಳೆಯುವವರೇ ಇಲ್ಲದ ಕಡೆ ನೂರಕ್ಕೂ ಐವತ್ತಕ್ಕೂ ವ್ಯತ್ಯಾಸವಿಲ್ಲ.

ಮುಖಕ್ಕೆ ಸುತ್ತಿದ ಟವೆಲ್ಲಾಗಲಿ ಕರ್ಚೀಫಾಗಲಿ ಈ ಕಣಗಳನ್ನು ತಡೆಯುವುದಿಲ್ಲ. ಅದು ದಪ್ಪ ದೂಳನ್ನಷ್ಟೇ ತಡೆದು, ರಕ್ಷಣೆಯಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಸೂಕ್ಷ್ಮ ಕಣ ಸೋಸುವ ಮುಖಕವಚ ಕೂಡ ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ, ಏಕೆಂದರೆ ಏಪ್ರಿಲ್ ಬಿಸಿಲಿನಲ್ಲಿ ಎಂಟು ಗಂಟೆ ಅದನ್ನು ಧರಿಸಿ ಕಲ್ಲು ಹೊರಲು ಸಾಧ್ಯವೆಂದು ನಂಬುವವರು ಕಲ್ಲು ಹೊತ್ತವರಲ್ಲ. ದೂಳು ಏಳುವಲ್ಲಿಯೇ ಅದನ್ನು ಅಡಗಿಸಬೇಕು.

ಅದಕ್ಕೆ ದೊಡ್ಡ ಕಂಪನಿಯೋ ಸರ್ಕಾರವೋ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಹೊಸ ಮನೆಯ ಮುಂದೆ ರಸ್ತೆಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕೈಯಂತ್ರದಿಂದ ಗ್ರಾನೈಟ್ ಚಪ್ಪಡಿಯನ್ನು ನೀರಿಲ್ಲದೆಯೇ ಕತ್ತರಿಸುತ್ತ ಬಿಳಿ ದೂಳಿನಲ್ಲಿ ಮುಳುಗಿರುವ ಹುಡುಗ ಕರ್ನಾಟಕದ ಯಾವ ಬಡಾವಣೆಯಲ್ಲಾದರೂ ಕಾಣಸಿಗುತ್ತಾನೆ. ಅಲ್ಲಿ ಕೆಲಸ ಮಾಡಿಸುವವನು ಮನೆಯ ಯಜಮಾನ. ಕಲ್ಲಿನ ಕೆಲಸದ ಕರಾರು ಮಾತಾಡುವಾಗಲೇ ನೀರು ಹಾಯಿಸುವ ಕಟ್ಟರಿನಲ್ಲೇ ಕತ್ತರಿಸಬೇಕೆಂದು, ಅದರ ಹೆಚ್ಚುವರಿ ಕೂಲಿಯನ್ನು ತಾನೇ ಕೊಡುವುದಾಗಿ ಹೇಳಿ, ತೊಟ್ಟಿಯಿಂದ ಒಂದು ಪೈಪು ಎಳೆದುಕೊಡುವುದು ಮನೆ ಕಟ್ಟಿಸುತ್ತಿರುವ ಪ್ರತಿಯೊಬ್ಬ ಓದುಗರ ಕೈಯಲ್ಲಿದೆ.